ಅಜ್ಜಿ ಮನೇಲಿದ್ದೀನಿ ಅಮ್ಮ

ತಾನು ಎಲ್ಲಿದ್ದೇನೆಂದು ಮಗಳು ಫೋನಿನಲ್ಲಿ ಹೇಳಿದಳೋ, ಆ ಜಾಗದಲ್ಲೇ ಕೂತು ನಾನು ಆ ಮಾತನ್ನು ಕೇಳಿದೆ. ಅದು ಹಳೇ ಕೆಂಗೇರಿಯಲ್ಲಿರುವ ನನ್ನ ಅತ್ತೆಯ ಮನೆ. ನಡುಮನೆಯಲ್ಲಿ ಹಳೆಯ ಸೀರೆ ಹಾಸಿ, ಅದರ ಮೇಲೆ ನೆನೆಸಿದ ಅವರೆಕಾಳಿನ ಬೋಗುಣಿ ಇಟ್ಟುಕೊಂಡು ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಒಂದೊಂದೇ ಕಾಳನ್ನು ಹೆಬ್ಬೆರಳಿನಿಂದ ಒತ್ತಿ, ಸಿಪ್ಪೆಯಿಂದ ಬೇಳೆ ಹಾರಿಸಿ ಹಿತಕುತ್ತಿದ್ದರು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

"ಎಲ್ಲಿದೀಯೇ?" ಎಂದು ಕೇಳಿದೆ.

"ಅಜ್ಜಿ ಮನೇಲಿದ್ದೀನಿ ಅಮ್ಮ. ಊಟ ಆಯ್ತು. ಅಜ್ಜಿ ಅವರೆಕಾಳು ಹಿತಕ್ತಾ ಇದಾರೆ. ನೀನು ಊಟ ಮಾಡಿದ್ಯಾ?"

ದನಿ ಅವಳದೇ. ಪ್ರಶ್ನೆಯ ಕೊನೆಯನ್ನು ಸ್ವಲ್ಪ ಎಳೆಯುವ ಅಭ್ಯಾಸವೂ ಅವಳದೇ. ಫೋನಿನ ಸ್ಪೀಕರ್ ಹಾಕಿದ್ದರಿಂದ ಅತ್ತೆಗೂ ಕೇಳಿಸಿತು. ಅವರ ಹೆಬ್ಬೆರಳು ಕಾಳಿನ ಮೇಲೆ ಹಾಗೇ ನಿಂತಿತು.

ಮುಂದಿನದನ್ನು ಹೇಳುವ ಮೊದಲು ನಮ್ಮ ಮನೆಯ ವ್ಯವಸ್ಥೆಯನ್ನು ಹೇಳಬೇಕು. ನಾನು ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುವವಳು. ವರದಿಗಾರರು ಕಳಿಸಿದ್ದನ್ನು ಓದಿ, ಅನುಮಾನ ಬಂದಲ್ಲಿ ಫೋನ್ ಮಾಡಿ ಕೇಳಿ, ತಿದ್ದಿ, ತಲೆಬರಹ ಕೊಟ್ಟು ಪುಟಕ್ಕೆ ಹಾಕುವುದು ನನ್ನ ಕೆಲಸ. ಮಧ್ಯಾಹ್ನ ಮನೆ ಬಿಟ್ಟರೆ ವಾಪಸಾಗುವ ಹೊತ್ತಿಗೆ ಮಗಳು ಮಲಗಿರುತ್ತಾಳೆ. ಬೆಳಿಗ್ಗೆ ಅವಳು ಕಾಲೇಜಿಗೆ ಹೊರಡುವಾಗ ನಾನು ಎದ್ದಿರುವುದಿಲ್ಲ. ಗಂಡ ಬ್ಯಾಂಕಿನವರು, ವರ್ಗವಾಗಿ ಕಲಬುರಗಿಯಲ್ಲಿದ್ದಾರೆ. ಹಾಗಾಗಿ ಬಸವೇಶ್ವರನಗರದ ನಮ್ಮ ಮನೆಯಲ್ಲಿ ತಾಯಿ-ಮಗಳ ಮಾತುಕತೆ ಬಹುಪಾಲು ಫೋನಿನಲ್ಲೇ ನಡೆಯುತ್ತಿತ್ತು.

ಅತ್ತೆ ಮತ್ತು ನಾನು ಮಾತು ಬಿಟ್ಟಿದ್ದೆವು. ಕಾರಣ ಮಗಳೇ. ಅವಳು ದೊಡ್ಡವಳಾದಾಗ ಅತ್ತೆ ಬೀದಿಯವರನ್ನೆಲ್ಲ ಕರೆದು ಆರತಿ ಇಟ್ಟುಕೊಂಡಿದ್ದರು. "ನನ್ನ ಮೈಯಲ್ಲಿ ಆಗಿದ್ದನ್ನ ಬೀದಿಗೆಲ್ಲ ಯಾಕೆ ಹೇಳ್ಬೇಕು?" ಎಂದು ಮಗಳು ಹಟ ಹಿಡಿದಳು. ನಾನು ಅವಳನ್ನು ಕರೆದುಕೊಂಡು ಮನೆಗೆ ಹೊರಟುಬಿಟ್ಟೆ. ಅತ್ತೆ ಬಂದ ಹೆಂಗಸರ ಮುಂದೆ ಆರತಿ ತಟ್ಟೆ ಹಿಡಿದು ನಿಂತಿದ್ದರಂತೆ. ಮಾರನೆಯ ದಿನ ಅವರು ಒಂದು ಮಾತು ಅಂದರು, ನಾನೊಂದು ಅಂದೆ. ಅಲ್ಲಿಗೆ ನಿಂತಿತು.

ನಮ್ಮ ಕಡೆ ಮಾತು ಬಿಡುವುದೆಂದರೆ ಸಂಬಂಧ ಬಿಡುವುದಲ್ಲ. ಹಬ್ಬದ ಒಬ್ಬಟ್ಟು ಅಲ್ಲಿಂದ ಬರುತ್ತದೆ, ಬಿಪಿ ಮಾತ್ರೆ ಇಲ್ಲಿಂದ ಹೋಗುತ್ತದೆ. ಮಾತು ಮಾತ್ರ ಮೂರನೆಯವರ ಬಾಯಲ್ಲಿ ಓಡಾಡುತ್ತದೆ. ಆ ಮೂರನೆಯವಳು ನನ್ನ ಮಗಳು. "ನಿಮ್ಮಮ್ಮಂಗೆ ಹೇಳು" ಎಂದು ಅಲ್ಲಿ, "ನಿಮ್ಮಜ್ಜಿಗೆ ಹೇಳು" ಎಂದು ಇಲ್ಲಿ. ಫೋನಿನಲ್ಲಿ ದಿನವೂ ಇದೇ ನಡೆಯುತ್ತಿತ್ತು. ಶನಿವಾರ ಅವಳು ಕೆಂಗೇರಿಗೆ ಹೋದರೆ ಎದುರಿಗೂ ಇದೇ. ನನಗಾಗಲೀ ಅತ್ತೆಗಾಗಲೀ ಇದು ವಿಚಿತ್ರವೆಂದು ಅನ್ನಿಸಿರಲಿಲ್ಲ. ನನ್ನ ಅತ್ತೆ ಅವರ ಓರಗಿತ್ತಿಯೊಂದಿಗೆ ಹೀಗೇ ಬಹಳ ಕಾಲ ಕಳೆದವರು. ಆಗ ಮಾತು ಹೊತ್ತವರು ನನ್ನ ಗಂಡ.

ಮಗಳು ಸಾಮಾನ್ಯ ಹುಡುಗಿಯಲ್ಲ. ಹೈಸ್ಕೂಲಿನಲ್ಲಿದ್ದಾಗಲೇ ಕನ್ನಡದ ತಪ್ಪು ಹುಡುಕುವ ಒಂದು ಪ್ರೋಗ್ರಾಂ ತಾನೇ ಬರೆದಳು. ಅದನ್ನು ಮೊದಲು ಪ್ರಯೋಗಿಸಿದ್ದು ನಾನು ಮಾಡಿದ ಪುಟಗಳ ಮೇಲೆ. ಬೆಳಿಗ್ಗೆ ಎದ್ದು ಫ್ರಿಜ್ ಬಾಗಿಲು ನೋಡಿದರೆ ಹಿಂದಿನ ದಿನದ ನನ್ನ ತಪ್ಪುಗಳು ಪ್ರಿಂಟಾಗಿ ಅಂಟಿರುತ್ತಿದ್ದವು. ಪಿಯು ಕಾಲೇಜಿನ ಕಿರುಪರೀಕ್ಷೆಯಲ್ಲಿ ಉತ್ತರದ ಜಾಗದಲ್ಲಿ "ಪ್ರಶ್ನೆಯೇ ತಪ್ಪು" ಎಂದು ಬರೆದು, ಹೇಗೆ ತಪ್ಪು ಎಂಬುದಕ್ಕೆ ಅರ್ಧ ಪುಟ ಲೆಕ್ಕ ಮಾಡಿದ್ದಳು. ಪ್ರಾಂಶುಪಾಲರು ನನ್ನನ್ನು ಕರೆಸಿದರು. "ಬುದ್ಧಿ ಇದೆ ಮೇಡಂ, ವಿನಯ ಇಲ್ಲ" ಎಂದರು. ಪ್ರಶ್ನೆ ತಪ್ಪಿತ್ತೇ ಎಂದು ಕೇಳಿದೆ. ಅದು ಬೇರೆ ವಿಷಯ ಎಂದರು.

ಆ ವರ್ಷ ಮಳೆಗಾಲದಲ್ಲಿ ಅವಳು ಕೋಣೆಯ ಬಾಗಿಲು ಹಾಕಿಕೊಂಡು ನಮ್ಮ ಪತ್ರಿಕೆಯನ್ನು ಗಟ್ಟಿಯಾಗಿ ಓದತೊಡಗಿದಳು. ಸಂಪಾದಕೀಯ, ಜಾಹೀರಾತು, ಶ್ರದ್ಧಾಂಜಲಿ ಯಾವುದನ್ನೂ ಬಿಡುತ್ತಿರಲಿಲ್ಲ. ವಾರದ ರಜೆಯ ದಿನ ಹೊರಗೆ ನಿಂತು ಕೇಳಿ ಖುಷಿಪಟ್ಟೆ. ಈ ಕಾಲದಲ್ಲಿ ಯಾವ ಮಕ್ಕಳು ಪೇಪರ್ ಓದುತ್ತಾರೆ? ಮೈಕಿನ ಮುಂದೆ ಕೂತು ಓದುತ್ತಿದ್ದಾಳೆಂಬುದನ್ನೂ ನೋಡಿದ್ದೆ. "ನನ್ನ ಥರಾನೇ ಮಾತಾಡೋದೊಂದು ಮಾಡ್ತಾ ಇದೀನಿ ಕಣಮ್ಮ" ಎಂದು ಅವಳೇ ಒಮ್ಮೆ ಹೇಳಿದ್ದಳು. ನಾನಾಗ ಆಫೀಸಿನವರ ಜೊತೆ ಫೋನಿನಲ್ಲಿ ಪುಟದ ವಿಷಯ ಮಾತಾಡುತ್ತಿದ್ದೆ. ಪರೀಕ್ಷೆ ಮುಗಿಯಲಿ ಎಂದು ಕೈಸನ್ನೆ ಮಾಡಿದೆ.

ದಸರಾ ರಜೆ ಕಳೆದ ಮೇಲೆ ಅವಳು ಬದಲಾದಳು. ಮೊದಲೆಲ್ಲ ನನ್ನ ಫೋನ್ ತೆಗೆಯುವುದೇ ಅಪರೂಪ, ತೆಗೆದರೂ "ಏನು?" ಎಂಬುದು ಮೊದಲ ಮಾತು. ಈಗ ಎರಡನೇ ರಿಂಗಿಗೇ ತೆಗೆಯುತ್ತಿದ್ದಳು. ಊಟ ಆಯ್ತಾ ಎಂದರೆ ಆಯ್ತು, ಏನು ತಿಂದೆ ಎಂದರೆ ಇಂಥದ್ದು, ವಿಜಯನಗರದ ಕೋಚಿಂಗ್ ಹೇಗಿದೆ ಎಂದರೆ ಪರವಾಗಿಲ್ಲ. ತಿರುಗಿ ನನ್ನನ್ನೂ ವಿಚಾರಿಸುತ್ತಿದ್ದಳು. ಮನೆಯಲ್ಲಿ ಎದುರಾದಾಗ ಮಾತ್ರ ಮೊದಲಿನಂತೆಯೇ ಮುಖ ತಿರುಗಿಸುತ್ತಿದ್ದಳು. ಅದು ವಯಸ್ಸು, ಫೋನಿನಲ್ಲಿ ಮಾತಾಡುವುದು ಸುಲಭ ಎಂದುಕೊಂಡೆ. ಆಫೀಸಿನಲ್ಲಿ ಪಕ್ಕದ ಕುರ್ಚಿಯವರಿಗೆ "ಮಗಳು ದಾರಿಗೆ ಬಂದಿದ್ದಾಳೆ" ಎಂದೂ ಹೇಳಿದೆ.

ಅದೇ ಹೊತ್ತಿಗೆ ಅತ್ತೆಯೂ ಮೆತ್ತಗಾದಂತೆ ಕಂಡಿತು. ಮಗಳ ಬಾಯಿಂದ ಬರುವ ಅವರ ಮಾತಿನಲ್ಲಿ ಮೊದಲಿದ್ದ ಮುಳ್ಳು ಇರಲಿಲ್ಲ. ಒಂದು ದಿನ ಹೇಳಿದಳು, "ಅಜ್ಜಿ ಅವರೆಕಾಳು ತಂದಿದಾರಂತೆ ಅಮ್ಮ. ಹಿತಕೋಕೆ ಕೈ ಸಾಲ್ತಿಲ್ಲ, ನಿಮ್ಮಮ್ಮ ಬಂದಿದ್ರೆ ಚೆನ್ನಾಗಿರ್ತಿತ್ತು ಅಂದ್ರು." ಆ ಮಾತು ನನ್ನೊಳಗೆ ಎರಡು ದಿನ ಕೂತಿತ್ತು. ರಜೆಯ ದಿನ, ಯಾರಿಗೂ ಹೇಳದೆ, ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಬಂದೆ.

ಅತ್ತೆ ಬಾಗಿಲಲ್ಲಿ ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡರು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಒಳಗೆ ಹೋಗಿ ಒಂದು ಚೊಂಬು ನೀರು ತಂದು ಇಟ್ಟರು. ನಾನು ಕೂತೆ. ಯಾರು ಮೊದಲು ಮಾತಾಡಬೇಕೆಂಬುದು ಇಬ್ಬರಿಗೂ ತಿಳಿಯಲಿಲ್ಲ. ಅದಕ್ಕೇ ಇಬ್ಬರಿಗೂ ಗೊತ್ತಿದ್ದ ಒಂದೇ ದಾರಿ ಹಿಡಿದೆ. ಮಗಳಿಗೆ ಫೋನ್ ಮಾಡಿದೆ, ನಾನು ಬಂದಿದ್ದೇನೆಂದು ಅವಳ ಬಾಯಲ್ಲೇ ಅಜ್ಜಿಗೆ ಹೇಳಿಸೋಣ ಎಂದು. ಅವಳು ಅಜ್ಜಿ ಮನೆಯಲ್ಲಿದ್ದೇನೆ ಎಂದಳು.

"ಫೋನ್ ಅಜ್ಜಿಗೆ ಕೊಡು," ಎಂದೆ.

"ಅಜ್ಜಿ ನಿನ್ನ ಹತ್ರ ಮಾತಾಡಲ್ವಲ್ಲಮ್ಮ," ಎಂದಳು. ಇದು ಸರಿಯಾದ ಉತ್ತರವೇ.

ಅತ್ತೆ ಬೋಗುಣಿ ಪಕ್ಕಕ್ಕೆ ಸರಿಸಿ ಸೊಂಟದಿಂದ ತಮ್ಮ ಫೋನ್ ತೆಗೆದರು. ನನ್ನ ಕಡೆ ನೋಡದೆ, ಗೋಡೆಗೆ ಹೇಳುವ ಹಾಗೆ, "ನಂಗೆ ಈಗ್ತಾನೆ ಕ್ಲಾಸಲ್ಲಿವ್ನಿ ಅಂದ್ಲು" ಎಂದು ಮೊಮ್ಮಗಳ ನಂಬರ್ ಒತ್ತಿದರು. ನನ್ನ ಕರೆ ಇನ್ನೂ ಕಟ್ಟಾಗಿರಲಿಲ್ಲ. ಒಂದು ನಂಬರಿನಲ್ಲಿ ಒಬ್ಬಳು ಮಾತಾಡುತ್ತಿರುವಾಗ ಇನ್ನೊಂದು ಕರೆ ಹೋಗಬಾರದು. ಹೋಯಿತು. ಎರಡನೇ ರಿಂಗಿಗೇ ತೆಗೆದಳು.

"ಕ್ಲಾಸಲ್ಲಿದೀನಿ ಅಜ್ಜಿ, ಆಮೇಲೆ ಮಾಡ್ತೀನಿ. ಮಾತ್ರೆ ತಗೊಂಡ್ಯಾ?" ಎಂದಿತು ಅತ್ತೆಯ ಫೋನು.

"ಹಲೋ, ಅಮ್ಮ? ಕೇಳಿಸ್ತಾ ಇದ್ಯಾ?" ಎಂದಿತು ನನ್ನ ಫೋನು.

ಒಂದೇ ಕೋಣೆಯಲ್ಲಿ, ಒಂದೇ ದನಿ, ಎರಡು ಕಡೆಯಿಂದ ಬಂತು. ಅತ್ತೆ ಫೋನನ್ನು ಸೀರೆಯ ಮೇಲೆ ಹಾವಿನ ಮರಿಯನ್ನು ಬಿಡುವ ಹಾಗೆ ಬಿಟ್ಟರು. "ಏನವ್ವ ಇದು?" ಎಂದರು. ನಾಲ್ಕು ವರ್ಷದ ಮೇಲೆ ನನಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

ಆಗ ನನಗೆ ಹೊಳೆದದ್ದು ಒಂದು ಸಣ್ಣ ವಿಷಯ. ಸ್ಥಳದಲ್ಲಿದ್ದೇನೆ ಎಂದು ಹೇಳುವ ವರದಿಗಾರನ ಹಿಂದೆ ಫ್ಯಾನಿನ ಸದ್ದು ಕೇಳಿದರೆ ಡೆಸ್ಕಿನಲ್ಲಿ ನಾವು ನಗುತ್ತೇವೆ, ಮನೆಯಲ್ಲಿ ಕೂತು ಬರೆಸುತ್ತಿದ್ದಾನೆಂದು. ಮಗಳ ದನಿಯ ಹಿಂದೆ ಎಷ್ಟೋ ವಾರಗಳಿಂದ ಯಾವ ಸದ್ದೂ ಇರಲಿಲ್ಲ. ಕುಕ್ಕರ್ ಕೂಗಿರಲಿಲ್ಲ, ಆಟೋ ಹೋಗಿರಲಿಲ್ಲ, ಯಾರೂ ಕೆಮ್ಮಿರಲಿಲ್ಲ. ಯಾವ ಊರಿನ ಯಾವ ಮೂಲೆಯಲ್ಲೂ ಅಷ್ಟು ನಿಶ್ಶಬ್ದದಲ್ಲಿ ಯಾರೂ ಮಾತಾಡುವುದಿಲ್ಲ.

"ಇದು ಅವಳಲ್ಲ ಅತ್ತೆ," ಎಂದೆ. "ಅವಳ ಥರ ಮಾತಾಡೋದೊಂದು ಕಂಪ್ಯೂಟರಲ್ಲಿ ಮಾಡಿದಾಳೆ. ಅವಳ ಫೋನಿಗೆ ಬಂದ ಕಾಲೆಲ್ಲ ಅದಕ್ಕೆ ಹೋಗ್ತಾ ಇದೆ."

"ಹಂಗಾದ್ರೆ ಅವ್ಳು ಎಲ್ಲವ್ಳೆ?"

ಅದೇ ಪ್ರಶ್ನೆ.

ಕೋಚಿಂಗ್‌ಗೆ ಫೋನ್ ಮಾಡಿದೆ. ಅಲ್ಲಿನ ಹೆಣ್ಣುಮಗಳು ಹಾಜರಿ ನೋಡಿ, "ದಸರಾ ರಜೆ ಆದ್ಮೇಲೆ ಬಂದೇ ಇಲ್ವಲ್ಲ ಮೇಡಂ, ಬಿಟ್ಲು ಅಂದ್ಕೊಂಡ್ವಿ" ಎಂದಳು. ಮಗಳ ಜೊತೆಗೆ ಓದುವ ಒಬ್ಬ ಹುಡುಗಿಯ ನಂಬರ್ ನನ್ನ ಬಳಿ ಇತ್ತು. ಮಾಡಿದೆ. "ಆಂಟಿ, ಈಗ್ಲೇ ಚಾಟ್ ಮಾಡ್ತಾ ಇದಾಳೆ ನನ್ನ ಹತ್ರ. ಜ್ವರ, ಮನೇಲಿ ಮಲಗಿದೀನಿ ಅಂತಿದಾಳೆ. ನೀವು ಮನೇಲಿಲ್ವಾ?" ಎಂದಳು. ಎದುರು ಮನೆಯವರಿಗೆ ಮಾಡಿದೆ. ಬೀಗ ಹಾಕಿದೆ, ಚಪ್ಪಲಿ ಹೊರಗಿಲ್ಲ ಎಂದರು.

ಒಂದೇ ಘಟನೆಗೆ ಮೂರು ವರದಿ ಬಂದು ಮೂರೂ ಬೇರೆ ಬೇರೆ ಹೇಳಿದರೆ ಡೆಸ್ಕಿನಲ್ಲಿ ಅದನ್ನು ಪಕ್ಕಕ್ಕಿಡುತ್ತೇವೆ. ಇಲ್ಲಿ ಪಕ್ಕಕ್ಕಿಡುವಂತಿರಲಿಲ್ಲ. ಅತ್ತೆಯೂ ನಾನೂ ಮೊದಲ ಬಾರಿಗೆ ನಮ್ಮ ನಮ್ಮ ಕಡೆಯ ಸುದ್ದಿಯನ್ನು ಎದುರು ಬದುರು ಇಟ್ಟುಕೊಂಡೆವು.

"ನೀವು ನನ್ನನ್ನ ಬಾ ಅಂದ್ರಂತಲ್ಲ, ಹಿತಕೋಕೆ ಕೈ ಸಾಲಲ್ಲ ಅಂತ?"

ಅತ್ತೆ ಮುಖ ಗಂಟಿಕ್ಕಿದರು. "ನಾನೆಲ್ಲಿ ಬಾ ಅಂದೆ? ಪ್ಯಾಕೆಟ್‌ನಾಗೆ ಹಿತಕಿದ ಬೇಳೆ ತಂದು ತಿನ್ನೋಕೆ ನಾನೇನು ನಿಮ್ಮಮ್ಮನ ಹಂಗೆ ಸೋಮಾರಿನಾ, ಅಂತ ಅಂದಿದ್ದು."

ನನಗೆ ನಗು ಬರಬೇಕಿತ್ತು, ಬರಲಿಲ್ಲ.

"ನೀನು ಹೇಳಿದ್ಯಂತಲ್ಲ," ಎಂದರು ಅವರು, "ಅಜ್ಜಿ ಮಾತ್ರೆ ತಗೊಂಡ್ರಾ, ಹುಷಾರಾಗಿರ್ಲಿ, ಅವ್ರು ಇದ್ರೇನೇ ಮನೆ ಅಂತ?"

ನಾನು ಹೇಳಿದ್ದು ಬೇರೆ. ಮಾತ್ರೆ ನುಂಗದೆ ಬಿದ್ದು ಆಮೇಲೆ ಸೊಸೆ ನೋಡಲಿಲ್ಲ ಅನ್ನುವುದು ಬೇಡ ಎಂದಿದ್ದೆ. ತಲೆ ತಗ್ಗಿಸಿದೆ. ಅತ್ತೆಗೆ ಅರ್ಥವಾಯಿತು. ಬೋಗುಣಿಯಿಂದ ಒಂದು ಕಾಳು ತೆಗೆದು ಒತ್ತಿದರು. ಬೇಳೆ ಹಾರಿ ನನ್ನ ಮಡಿಲಿಗೆ ಬಿತ್ತು. ಇಬ್ಬರೂ ಅದನ್ನು ನೋಡಿದೆವು, ತೆಗೆಯಲಿಲ್ಲ.

"ಮಗೀಗೆ ಏನೂ ಆಗಿರಕ್ಕಿಲ್ಲ ಅಲ್ವಾ?" ಎಂದರು.

"ಇಲ್ಲ," ಎಂದೆ. ಆಧಾರವಿಲ್ಲದ ಮಾತು ಅದು.

ನಮ್ಮ ಪತ್ರಿಕೆಯ ನಗರ ಪುಟದ ಕೆಳಭಾಗದಲ್ಲಿ ಕಾಣೆಯಾದವರ ಸುದ್ದಿ ಬರುತ್ತದೆ. ಒಂದೇ ಕಾಲಂ. ಎಷ್ಟೋ ಬಾರಿ ತಿದ್ದಿದ್ದೇನೆ. ವಯಸ್ಸು, ಎತ್ತರ, ಮೈಬಣ್ಣ, ಮಾತಾಡುವ ಭಾಷೆಗಳು, ಮನೆಯಿಂದ ಹೊರಟಾಗ ತೊಟ್ಟಿದ್ದ ಬಟ್ಟೆ. ಜಾಗ ಕಡಿಮೆಯಿದ್ದರೆ ಮೊದಲು ಕತ್ತರಿಸುವುದು ಎತ್ತರವನ್ನು, ಯಾವತ್ತೂ ಬಟ್ಟೆಯನ್ನಲ್ಲ. ಬಟ್ಟೆಯಿಂದಲೇ ಗುರುತು ಹಿಡಿಯುತ್ತಾರೆ. ಮನಸ್ಸು ತಾನಾಗಿಯೇ ಆ ಸಾಲುಗಳನ್ನು ಜೋಡಿಸತೊಡಗಿತು. ಹದಿನೇಳು ವರ್ಷ. ಗೋಧಿ ಮೈಬಣ್ಣ. ಕನ್ನಡ, ಇಂಗ್ಲಿಷ್. ತೊಟ್ಟಿದ್ದದ್ದು... ಅಲ್ಲಿಗೆ ನಿಂತೆ. ಆ ದಿನ ಅವಳು ಏನು ತೊಟ್ಟು ಹೋಗಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ನಾನು ಮಲಗಿದ್ದೆ. ಹಿಂದಿನ ದಿನದ್ದೂ ಗೊತ್ತಿರಲಿಲ್ಲ.

ನಮ್ಮ ಅಪರಾಧ ವರದಿಗಾರನ ನಂಬರ್ ತೆಗೆದೆ. ಅವನಿಗೊಂದು ಮಾತು ಹೇಳಿದರೆ ಪೊಲೀಸರು ಫೋನ್ ಎಲ್ಲಿದೆ ಎಂದು ಬೇಗ ಹುಡುಕಬಹುದು. ಆದರೆ ಅವನಿಗೆ ಹೇಳಿದ್ದು ಅವನೊಬ್ಬನಲ್ಲೇ ಉಳಿಯುವುದಿಲ್ಲ ಎಂಬುದೂ ನನಗೆ ಚೆನ್ನಾಗಿ ಗೊತ್ತಿತ್ತು. ಠಾಣೆ, ಅಲ್ಲಿಂದ ಬೇರೆ ಪತ್ರಿಕೆಗಳು, ಅಲ್ಲಿಂದ ಟಿವಿ. ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು.

"ಪೇಪರ್‌ನವ್ರಿಗೆ ಮಾಡ್ತಾ ಇದ್ಯಾ?"

"ಹೂಂ."

"ಬ್ಯಾಡ ಕಣವ್ವ. ಹೆಣ್ಮಗು. ಮೊದ್ಲು ಅದುನ್ನೇ ಕೇಳಾನ."

"ಯಾವುದನ್ನ?"

"ಅದೇ, ಅವ್ಳ ಹಂಗೆ ಮಾತಾಡೋದು. ಅದುಕ್ಕೆ ಗೊತ್ತಿರ್ಬೇಕಲ್ಲ ಅವ್ಳು ಎಲ್ಲವ್ಳೆ ಅಂತ."

ನಾನು ಮತ್ತೆ ಮಗಳ ನಂಬರಿಗೆ ಮಾಡಿದೆ. ತೆಗೆದ ಕೂಡಲೇ ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಯಿಗೆ ಹತ್ತಿರ ಹಿಡಿದರು.

"ಏಯ್, ನಾನು ಕಣೇ, ನಿಮ್ಮಜ್ಜಿ. ನಿಮ್ಮಮ್ಮನ ಫೋನಲ್ಲಿ ಮಾತಾಡ್ತಾ ಇವ್ನಿ. ನಿಮ್ಮಮ್ಮ ನನ್ನ ಪಕ್ಕದಲ್ಲೇ ಕೂತವ್ಳೆ. ಈಗ ಹೇಳು, ನೀನು ಯಾರ ಮನೇಲಿದ್ದೀಯ?"

ಅಷ್ಟು ದಿನ ಒಂದು ಕ್ಷಣವೂ ತಡವರಿಸದ ದನಿ ತಡವರಿಸಿತು.

"ಅಮ್ಮ, ಒಂದ್ನಿಮಿಷ."

"ಅಮ್ಮ ಅಲ್ಲ ಕಣೇ, ಅಜ್ಜಿ."

"ಅಜ್ಜಿ, ಒಂದ್ನಿಮಿಷ ಅಮ್ಮ. ಅಜ್ಜಿ ನಿನ್ನ ಹತ್ರ..." ಎಂದಿತು. ಕರೆ ಕಟ್ಟಾಯಿತು.

ಮತ್ತೆ ಮಾಡಿದೆ. ರಿಂಗಾಯಿತು, ಯಾರೂ ತೆಗೆಯಲಿಲ್ಲ. ಅತ್ತೆಯ ಫೋನಿನಿಂದ ಮಾಡಿದೆ. ಅದೂ ಹಾಗೇ. ಆ ಗೆಳತಿಯೇ ನನಗೆ ಫೋನ್ ಮಾಡಿ, "ಆಂಟಿ, ರಿಪ್ಲೈ ನಿಂತೋಯ್ತು. ಏನಾಯ್ತು?" ಎಂದಳು. ಇದು ಮೊದಲಿಗಿಂತ ಕೆಟ್ಟದಾಗಿತ್ತು. ಇಷ್ಟು ಹೊತ್ತು ಸುಳ್ಳಾದರೂ ಒಂದು ದನಿ ಇತ್ತು. ಈಗ ಅದೂ ಇಲ್ಲ. ನಾವು ಇದ್ದ ಒಂದು ಎಳೆಯನ್ನೂ ಕಿತ್ತುಬಿಟ್ಟೆವೇನೋ ಎಂದು ನನಗೆ ಹೆದರಿಕೆಯಾಯಿತು.

ಅತ್ತೆ ಬೋಗುಣಿಯನ್ನು ನಮ್ಮಿಬ್ಬರ ನಡುವೆ ಎಳೆದರು. ಏನಾದರೂ ಮಾಡದೆ ಕೂರಲು ಅವರಿಗೂ ಆಗುತ್ತಿರಲಿಲ್ಲ. ನಾನೂ ಕೈ ಹಾಕಿದೆ. ಕಾಳು ತಣ್ಣಗಿತ್ತು, ಜಾರುತ್ತಿತ್ತು. ಹೊರಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಿ ಮಾಡಿ ಬಿಡುತ್ತಿದ್ದರು. ಪ್ರತಿ ಹೆಜ್ಜೆಯ ಸದ್ದಿಗೂ ಇಬ್ಬರೂ ತಲೆ ಎತ್ತುತ್ತಿದ್ದೆವು.

"ಆವತ್ತು ನೀನು ಕರ್ಕೊಂಡು ಹೋಗ್ಬಾರ್ದಿತ್ತು," ಎಂದರು ಅತ್ತೆ, ಕಾಳು ನೋಡುತ್ತಲೇ.

"ಅವಳಿಗೆ ಇಷ್ಟ ಇರ್ಲಿಲ್ಲ ಅತ್ತೆ."

"ನಂಗೊಂದು ಮಾತು ಹೇಳ್ಬೋದಿತ್ತಲ್ಲ? ನಾನೇ ನಿಲ್ಲಿಸ್ತಿದ್ದೆ."

"ನಿಲ್ಲಿಸ್ತಾ ಇದ್ರಾ?"

ಅವರು ಎರಡು ಕಾಳು ಹಿತಕಿದರು. "ಇಲ್ಲ, ನಿಲ್ಲಿಸ್ತಿರ್ಲಿಲ್ಲ. ಬೈತಿದ್ದೆ," ಎಂದರು. "ಬೈದು ಮುಗಿಸ್ತಿದ್ದೆ. ಇಷ್ಟು ದಿನ ಎಳೀತಿರ್ಲಿಲ್ಲ."

ನಾನು ಮತ್ತೆ ವರದಿಗಾರನ ನಂಬರ್ ತೆಗೆದೆ. ಈ ಸಲ ಅತ್ತೆ ಬೇಡ ಎನ್ನಲಿಲ್ಲ. ಅಷ್ಟರಲ್ಲಿ ಗೇಟು ಸದ್ದಾಯಿತು.

ಮಗಳು ಬಾಗಿಲಲ್ಲಿ ನಿಂತಿದ್ದಳು. ನಾನು ವಾರದಿಂದ ಹುಡುಕುತ್ತಿದ್ದ ನನ್ನ ಹಸಿರು ಸ್ವೆಟರ್ ತೊಟ್ಟಿದ್ದಳು. ಬೆನ್ನಿಗೆ ಬ್ಯಾಗು, ಕಾಲಲ್ಲಿ ಶೂ. ಶೂ ಬಿಚ್ಚಲಿಲ್ಲ, ಹೊಸಿಲು ದಾಟಲಿಲ್ಲ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಓಡಿ ಬಂದವಳ ಹಾಗೆ.

"ಎಲ್ಲಿ ಹೋಗಿದ್ಯೇ?" ಅತ್ತೆಯೂ ನಾನೂ ಒಟ್ಟಿಗೇ ಕೇಳಿದೆವು.

ಅವಳು ನಮ್ಮನ್ನೂ ನಡುವಿನ ಬೋಗುಣಿಯನ್ನೂ ನೋಡಿದಳು. "ನೀವಿಬ್ರೂ ಒಂದೇ ಫೋನಲ್ಲಿ ಮಾತಾಡಿದ್ರಾ? ನಿಜವಾಗ್ಲೂ?"

"ನಾನು ಕೇಳಿದ್ದು ಎಲ್ಲಿಗೆ ಹೋಗಿದ್ದೆ ಅಂತ."

"ರೈಲ್ವೆ ಸ್ಟೇಷನ್ನು. ಇಲ್ಲೇ, ಕೆಂಗೇರಿ."

"ದಿನಾ?"

"ದಿನಾ. ಕೋಚಿಂಗ್ ಹೊತ್ತಲ್ಲಿ. ಅಲ್ಲಿ ಕೂತೋರನ್ನ ಯಾರೂ ಏನೂ ಕೇಳಲ್ಲ. ಟ್ರೈನ್‌ಗೆ ಕಾಯ್ತಾ ಇದಾರೆ ಅಂದ್ಕೋತಾರೆ." ಬ್ಯಾಗಿನ ಪಟ್ಟಿ ಎಳೆದುಕೊಂಡು ಹೇಳಿದಳು, "ಇವತ್ತು ಟಿಕೆಟ್ ತಗೊಂಡಿದ್ದೆ. ಮೈಸೂರ್ ಗಾಡಿ ಹತ್ತಿ ಕೂತಿದ್ದೆ. ಅದ್ರಿಂದ ಮೆಸೇಜ್ ಬಂತು. ಏನು ಮಾಡ್ಬೇಕು ಗೊತ್ತಾಗದಿದ್ರೆ ನಂಗೆ ಹೇಳು ಅಂತ ಇಟ್ಟಿದ್ದೆ. ಒಂದ್ಸಲಾನೂ ಬಂದಿರ್ಲಿಲ್ಲ. ಇಬ್ರೂ ಒಟ್ಟಿಗೆ ಇದಾರೆ ಅಂತ ಬಂತು. ಇಳ್ಕೊಂಡೆ."

"ಮೈಸೂರಲ್ಲಿ ಯಾರಿದಾರೆ?" ಎಂದೆ.

"ಯಾರೂ ಇಲ್ಲ."

"ಮತ್ತೆ ಯಾಕೆ?"

"ಯಾಕೆ ಅಂದ್ರೆ?" ದನಿ ಏರಿತು. ಎಷ್ಟೋ ವಾರಗಳ ಮೇಲೆ ಆ ಏರಿದ ದನಿ ಕೇಳಿದೆ. ಹಿಂದೆ ಸ್ಕೂಟರಿನ ಸದ್ದೂ ಇತ್ತು. "ಇಲ್ಲಿ ಹೇಗೂ ನಾನು ಇದ್ನಲ್ಲ ಅಮ್ಮ. ನಿಂಗೆ ಫೋನ್ ತೆಗೀತಿದ್ದೆ, ಅಜ್ಜಿಗೆ ಮಾತ್ರೆ ಕೇಳ್ತಿದ್ದೆ, ಫ್ರೆಂಡ್‌ಗೆ ರಿಪ್ಲೈ ಮಾಡ್ತಿದ್ದೆ. ಯಾರಿಗಾದ್ರೂ ಏನಾದ್ರೂ ಕಮ್ಮಿ ಅನ್ನಿಸ್ತಾ? ನೀವು ಅದ್ರ ಹತ್ರ ಮಾತಾಡಿದ್ದೆಲ್ಲ ನಾನು ಆ ಬೆಂಚ್ ಮೇಲೆ ಕೂತು ಓದ್ತಿದ್ದೆ. ನನ್ನ ಹತ್ರ ಮಾತಾಡಿದ್ದಕ್ಕಿಂತ ಚೆನ್ನಾಗಿ ಮಾತಾಡಿದೀರ. ದಾರಿಗೆ ಬಂದಿದ್ದೀಯ ಕಣೇ ಅಂತ ಅದಕ್ಕೇ ಹೇಳಿದ್ದೀಯ ನೀನು."

ಹೌದು, ಹೇಳಿದ್ದೆ. ಒಂದು ಸಂಜೆ, ಪುಟ ಕಳಿಸಿ ಬಿಡುವಾದಾಗ, ಹೊಗಳಿಕೆ ಎಂದುಕೊಂಡು. ಅವಳು ಆ ಗಾಡಿಯಿಂದ ಇಳಿಯದಿದ್ದರೆ ಆ ಸಂಜೆಯೂ ನಾನು ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳಿ, ಆಯ್ತು ಎಂಬ ಉತ್ತರ ಪಡೆದು ನೆಮ್ಮದಿಯಿಂದ ಇರುತ್ತಿದ್ದೆ. ಅವಳು ಇಲ್ಲ ಎಂಬುದು ಮಾರನೆಯ ಬೆಳಿಗ್ಗೆ ತಡವಾಗಿ ಎದ್ದ ಮೇಲೂ ನನಗೆ ತಿಳಿಯುತ್ತಿರಲಿಲ್ಲ.

"ನಮ್ಮ ಮಾತನ್ನ ಯಾಕೆ ತಿರುಚ್ದೆ?" ಎಂದು ಕೇಳಿದೆ. ಕೇಳಲು ಬೇರೆ ದೊಡ್ಡ ಪ್ರಶ್ನೆಗಳಿದ್ದವು. ಬಾಯಿಗೆ ಬಂದದ್ದು ಡೆಸ್ಕಿನ ಪ್ರಶ್ನೆ.

"ನಾನು ತಿರುಚಿಲ್ಲ. ಕೆಟ್ಟ ಮಾತು ದಾಟಿಸ್ಬೇಡ ಅಂತ ಮಾತ್ರ ಹೇಳಿದ್ದೆ. ಒಳ್ಳೇದನ್ನ ಅದೇ ಸೇರಿಸ್ಕೊಂಡಿದೆ. ನೀವಿಬ್ರೂ ಆಡಿದ್ರಲ್ಲಿ ಕೆಟ್ಟದ್ದು ತೆಗೆದ್ರೆ ಏನೂ ಉಳೀತಿರ್ಲಿಲ್ಲ, ಅದಕ್ಕೆ."

ಅತ್ತೆ ಗೊಳ್ಳೆಂದು ನಕ್ಕುಬಿಟ್ಟರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಣ್ಣಲ್ಲಿ ನೀರಿತ್ತು. ನಕ್ಕಿದ್ದಕ್ಕೋ ಬೇರೆಯದಕ್ಕೋ ನಾನು ಹೇಳಲಾರೆ.

ಮಗಳು ನಗಲಿಲ್ಲ. ಶೂ ಬಿಚ್ಚಿ ಒಳಗೆ ಬಂದು ಕೂತಳು. ಫೋನ್ ತೆಗೆದು ಏನೋ ಒತ್ತಿ, ಅದನ್ನು ಬೋಗುಣಿಯ ಪಕ್ಕ ಇಟ್ಟಳು. "ಆಫ್ ಮಾಡಿದೀನಿ, ಡಿಲೀಟ್ ಮಾಡಿಲ್ಲ. ಇನ್ಮೇಲೆ ನಾನು ಮಾತು ಹೊರಲ್ಲ. ಅವಳಿಗೆ ಹೇಳು, ಇವರಿಗೆ ಹೇಳು ಅಂತ ನಿಮ್ಮಲ್ಲಿ ಯಾರಾದ್ರೂ ಇನ್ನೊಂದ್ಸಲ ಅಂದ್ರೆ ಇದನ್ನ ಆನ್ ಮಾಡಿ ನಾನು ಹೋಗ್ತೀನಿ. ಅದನ್ನೇ ಇಟ್ಕೊಳ್ಳಿ. ನಂಗಿಂತ ಚೆನ್ನಾಗಿದೆ."

ಬೆದರಿಕೆ ಅಂದುಕೊಳ್ಳಲು ಆಗಲಿಲ್ಲ. ಅವಳು ಹೇಳಿದ್ದನ್ನು ಮಾಡುವವಳು. ಟಿಕೆಟ್ ಬ್ಯಾಗಿನ ಹೊರಜೇಬಿನಿಂದ ಇಣುಕುತ್ತಿತ್ತು.

ಮೂವರೂ ಹಿತಕುತ್ತಾ ಕೂತೆವು. ಕಾಳು ಮುಗಿಯುತ್ತಾ ಬಂತು. ಕಲಬುರಗಿಗೆ ಫೋನ್ ಮಾಡಿ ಗಂಡನಿಗೆ ಹೇಳಬೇಕಿತ್ತು, ಆಮೇಲೆ ಎಂದುಕೊಂಡೆ. ಅತ್ತೆ ಎದ್ದು ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದು, ಬೇಳೆಯನ್ನು ಅರ್ಧ ಮಾಡಿ ತುಂಬಿದರು. ಮುಚ್ಚಳ ಒತ್ತುತ್ತಾ, ಅಭ್ಯಾಸಬಲದಿಂದ, ಮೊಮ್ಮಗಳ ಕಡೆ ತಿರುಗಿದರು.

"ನಿಮ್ಮಮ್ಮಂಗೆ ಹೇಳು, ಇದುನ್ನ ಇವತ್ತೇ ಸಾರು ಮಾಡ್ಲಿ, ನಾಳೆಗೆ ಇಟ್ರೆ..."

ಮಾತು ನಿಂತಿತು. ಮಗಳ ಕೈ ಬೋಗುಣಿಯಿಂದ ಮೇಲೆದ್ದು, ಸಿಪ್ಪೆ ಅಂಟಿದ ಬೆರಳು ಫೋನಿನ ಮೇಲೆ ಹೋಗಿ ಕೂತಿತು. ಒತ್ತಲಿಲ್ಲ. ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ನಾನು ಮಧ್ಯೆ ಬಾಯಿ ಹಾಕಬಹುದಿತ್ತು. ಪರವಾಗಿಲ್ಲ ಬಿಡು, ಕೇಳಿಸಿತು ಎನ್ನಬಹುದಿತ್ತು. ಆದರೆ ಇದು ಅತ್ತೆ ಆಡಬೇಕಾದ ಮಾತು.

ಅತ್ತೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಮೊಮ್ಮಗಳನ್ನು ದಾಟಿ ನನ್ನ ಮುಂದೆ ಬಂದರು.

"ಇವತ್ತೇ ಸಾರು ಮಾಡು," ಎಂದರು. "ನಾಳೆಗೆ ಇಟ್ರೆ ಹುಳಿಯಾಯ್ತದೆ. ಪ್ಯಾಕೆಟ್‌ದಲ್ಲ ಇದು. ಡಬ್ಬಿ ವಾಪಸ್ ಕೊಡೋಕೆ ಇವ್ಳನ್ನ ಕಳಿಸ್ಬ್ಯಾಡ, ನೀನೇ ತಗೊಂಡು ಬಾ."

"ತರ್ತೀನಿ ಅತ್ತೆ," ಎಂದೆ.

ಮಗಳ ಬೆರಳು ಫೋನಿನಿಂದ ಸರಿದು, ಬೋಗುಣಿಯ ತಳದಲ್ಲಿ ಉಳಿದಿದ್ದ ಕಾಳನ್ನು ಹುಡುಕತೊಡಗಿತು.